ನಾಲ್ಕು ಪಾಲಾದ ಕಲ್ಲಿನ ವಾಡೆ: ಗೋಡೆ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು?

ಮಲಪ್ರಭಾ_ದಂಡೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಬಾದಾಮಿ ತಾಲೂಕಿನಲ್ಲಿ ನಮ್ಮ ಮುತ್ತಜ್ಜ ಕಟ್ಟಿಸಿದ ವಾಡೆ ಇದೆ. ಪೂರ್ತಿ ಕೆಂಪು ಮರಳುಗಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಅಂದರೆ ಮಣ್ಣು ಹೊದಿಸಿದ ಚಾವಣಿ. ದಿಡ್ಡಿ ಬಾಗಿಲು ದಾಟಿದರೆ ಎರಡೂ ಕಡೆ ಕಟ್ಟೆ, ಆಮೇಲೆ ಅಂಗಳ, ಅದರ ಸುತ್ತ ಪಡಸಾಲೆ. ಹಿಂದೆ ನಡುಮನೆ, ದೇವರ ಮನೆ, ಅಡುಗೆ ಮನೆ, ಹಿತ್ತಲು. ಒಟ್ಟು ಹದಿನಾರು ಅಂಕಣ.

ಅಜ್ಜನ ಕಾಲದಲ್ಲಿ ಬಾಯಿಮಾತಿನಲ್ಲೇ ನಾಲ್ಕು ಪಾಲಾಯಿತು, ತಲಾ ನಾಲ್ಕು ಅಂಕಣ. ಆಗ ಗೋಡೆ ಏನೂ ಏಳಲಿಲ್ಲ, ಒಲೆ ಮಾತ್ರ ಬೇರೆಯಾಯಿತು. ಈಗ ದೊಡ್ಡಪ್ಪನ ಮಕ್ಕಳು ತಮ್ಮ ಪಾಲಿನ ಪಡಸಾಲೆಯನ್ನು ಸಿಮೆಂಟ್ ಬ್ಲಾಕ್ ಇಟ್ಟು ಮುಚ್ಚಿದ್ದಾರೆ. ಒಬ್ಬ ಚಿಕ್ಕಪ್ಪ ಎರಡು ಅಂಕಣದ ಮಾಳಿಗೆ ಇಳಿಸಿ ಆರ್‌ಸಿಸಿ ಹಾಕಿಸಿದರು. ಅದಾದ ಮೇಲೆ ನಮಗೂ ಅವರಿಗೂ ನಡುವಿನ ಗೋಡೆ ಬಿರುಕು ಬಿಟ್ಟಿದೆ. ಇನ್ನೊಬ್ಬ ಚಿಕ್ಕಪ್ಪ ಒಳಗೆಲ್ಲ ಸಿಮೆಂಟ್ ಗಿಲಾವು (ಪ್ಲಾಸ್ಟರ್) ಮಾಡಿಸಿದರು. ಆ ಗೋಡೆಯ ಹೊರಮೈಯಲ್ಲಿ ಮೊಣಕಾಲೆತ್ತರಕ್ಕೆ ಕಲ್ಲು ಪದರ ಪದರವಾಗಿ ಏಳುತ್ತಿದೆ, ಕೈಯಾಡಿಸಿದರೆ ಕೆಂಪು ಪುಡಿ ಉದುರುತ್ತದೆ.

ತಮ್ಮಂದಿರು ಈಗ "ಎಲ್ಲಾ ಕೆಡವಿ ನಾಲ್ಕು ಜಾಗ ಮಾಡೋಣ, ಯಾರಿಗೆ ಬೇಕೋ ಅವರು ಕಟ್ಟಿಕೊಳ್ಳಲಿ" ಅನ್ನುತ್ತಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ನಾಲ್ಕು ಸಂಸಾರಕ್ಕೆ ನಾಲ್ಕು ಮನೆ ಬೇಕು, ಅದು ನ್ಯಾಯ. ಆದರೆ ಗೋಡೆ, ಮಾಳಿಗೆ, ಅಂಗಳ ಇವನ್ನು ನಾಲ್ಕು ಮಾಡಲು ಆಗುವುದಿಲ್ಲ ಅನ್ನುವುದು ನನ್ನ ವಾದ. ಇಂಥ ಮನೆಯನ್ನು ಹಾಳಾಗದಂತೆ ಪಾಲು ಮಾಡಿಕೊಂಡವರು ಯಾರಾದರೂ ಇದ್ದೀರಾ? ಒಳಗೋಡೆ ಎಲ್ಲಿ ಹಾಕಿದಿರಿ? ಶೌಚಾಲಯ ಎಲ್ಲಿ ಮಾಡಿದಿರಿ?

ಇಳಕಲ್_ಹುಡುಗ

ನಮ್ಮದೂ ಇದೇ ಕತೆ ಅಣ್ಣಾ. ಐದು ಪಾಲು, ಐದು ಕರೆಂಟ್ ಮೀಟರ್, ಒಂದೇ ದಿಡ್ಡಿ ಬಾಗಿಲು. ಉತ್ತರ ಸಿಕ್ಕರೆ ನಮಗೂ ಬೇಕು.

ಸಿವಿಲ್_ಧಾರವಾಡ

ಮೊದಲು ಅಂಕಣದ ಲೆಕ್ಕ ಸರಿಯಾಗಿ ಹಿಡಿಯಿರಿ. ಎರಡು ಕಂಬಗಳ ನಡುವಿನ ಜಾಗವೇ ಅಂಕಣ. ಕಂಬ, ಅದರ ಮೇಲೆ ಬೋದಿಗೆ, ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಜಂತಿ, ಅಂದರೆ ಸಣ್ಣ ಅಡ್ಡಮರ. ಹಿರಿಯರು ಮನೆ ಅಳೆದದ್ದೂ ಪಾಲು ಮಾಡಿದ್ದೂ ಅಂಕಣದಲ್ಲೇ, ಯಾಕೆಂದರೆ ಮನೆಯ ಭಾರ ಇಳಿಯುವ ಗೆರೆಗಳೇ ಅವು. ಹೊಸ ಗೋಡೆ ಹಾಕುವುದಾದರೆ ಕಂಬದ ಸಾಲಿನಲ್ಲಿ, ತೊಲೆಯ ಕೆಳಗೇ ಹಾಕಬೇಕು. ಅಂಕಣದ ನಡುವೆ ಗೋಡೆ ಎಬ್ಬಿಸಿ ಜಂತಿಗೆ ತಾಗಿಸಿದರೆ, ಜಂತಿ ಬಾಗಿದಾಗ ಭಾರ ಆ ಗೋಡೆ ಮೇಲೆ ಕೂರುತ್ತದೆ. ಅದಕ್ಕೆ ಕೆಳಗೆ ಪಾಯ ಇರುವುದಿಲ್ಲ. ಆಮೇಲೆ ನೆಲವೂ ಕುಸಿಯುತ್ತದೆ, ಜಂತಿಯೂ ಮುರಿಯುತ್ತದೆ.

ಒಳಗೋಡೆ ಹಗುರ ಇರಲಿ. ಹಲಗೆಯದು ಆಗಬಹುದು, ತೆಳುವಾದ ಮಣ್ಣಿನ ಇಟ್ಟಿಗೆಯದು ಆಗಬಹುದು. ಹಳೆ ಕಲ್ಲುಗೋಡೆಗೆ ಕೊರೆದು ಜೋಡಿಸಬೇಡಿ. ನಾಳೆ ಒಬ್ಬರ ಪಾಲನ್ನು ಇನ್ನೊಬ್ಬರು ತಗೊಂಡರೆ ತೆಗೆಯುವ ಹಾಗಿರಬೇಕು.

ಹೊಸ ಬಾಗಿಲು ಬೇಕೇ ಬೇಕು ಅಂದರೆ ಇರುವ ಕಿಟಕಿಯನ್ನು ಕೆಳಕ್ಕೆ ಇಳಿಸಿ ಬಾಗಿಲು ಮಾಡಿ. ಮೇಲಿನ ಅಡ್ಡಗಲ್ಲು ಇದ್ದ ಹಾಗೇ ಇರುತ್ತದೆ, ಕಿಟಕಿ ಕೆಳಗಿನ ಕಲ್ಲಿನ ಮೇಲೆ ಭಾರ ಹೆಚ್ಚೇನೂ ಇರುವುದಿಲ್ಲ. ಗಟ್ಟಿ ಗೋಡೆಯಲ್ಲಿ ಹೊಸದಾಗಿ ಕಂಡಿ ಕೊರೆಯುವುದು ಬೇರೆ ಮಾತು. ಅದನ್ನು ಮಾಡಬೇಡಿ.

ಬೀದರ್_ಕೋಟೆ

ಎಲ್ಲರೂ ವಾಡೆ ಉಳಿಸಿ ಅನ್ನುತ್ತೀರಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆದಾಗ ಸತ್ತ ಸಾವಿರಾರು ಜನ ಯಾವ ಮನೆಯಲ್ಲಿ ಮಲಗಿದ್ದರು ಗೊತ್ತಾ? ಇಂಥದೇ ಮನೆ. ದಪ್ಪ ಕಲ್ಲಿನ ಗೋಡೆ, ಮಣ್ಣಿನ ಗಾರೆ, ಮೇಲೆ ಮಣ್ಣಿನ ಮಾಳಿಗೆ. ನಾವು ಗಡಿಯ ಈಚೆ ಇದ್ದವರು, ಆ ನಡುಕ ನಮಗೂ ಗೊತ್ತು. ನಮ್ಮ ಮನೆಯಲ್ಲಿ ಆಮೇಲೆ ವರ್ಷಗಟ್ಟಲೆ ಯಾರೂ ಒಳಗೆ ಮಲಗಲಿಲ್ಲ.

ಕೆಡವಿ. ನಾಲ್ಕು ಸಣ್ಣ ಮನೆ ಕಟ್ಟಿ. ಮಕ್ಕಳು ಮೊಮ್ಮಕ್ಕಳು ನಿಶ್ಚಿಂತೆಯಿಂದ ಮಲಗಲಿ.

ಮಲಪ್ರಭಾ_ದಂಡೆ

ಕಿಲ್ಲಾರಿ ಮಾತು ನಮ್ಮ ಮನೆಯಲ್ಲೂ ಬಂದಿದೆ ಸರ್. ಅದಕ್ಕೇ ಕೇಳುತ್ತಿರುವುದು. ಕಿಲ್ಲಾರಿಯಲ್ಲಿ ಬಿದ್ದದ್ದು ಕಲ್ಲಿನ ತಪ್ಪಿಗೋ, ಕಟ್ಟಿದ ರೀತಿಯ ತಪ್ಪಿಗೋ?

ಗೌಂಡಿ_ಮನೆತನ

ನಮ್ಮ ಅಪ್ಪ, ಅಜ್ಜ ಎಲ್ಲಾ ಗೌಂಡಿಗಳೇ, ನಾನೂ ಅದೇ ಕೆಲಸ. ಅಣ್ಣಾರ, ನೀವು ಕೇಳಿದ್ದು ಸರಿಯಾದ ಪ್ರಶ್ನೆ.

ಎರಡೂವರೆ ಅಡಿ ಗೋಡೆ ಹೊರಗಿಂದ ನೋಡಿದರೆ ಒಂದೇ ಗೋಡೆ. ಒಳಗೆ ಅದು ಎರಡು ಗೋಡೆ. ಹೊರಮೈಗೆ ಚೆನ್ನಾಗಿ ಕೆತ್ತಿದ ಕಲ್ಲು, ಒಳಮೈಗೆ ಅಷ್ಟಕ್ಕಷ್ಟೇ ಕಲ್ಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಈ ಎರಡು ಮೈಯನ್ನು ಹಿಡಿದಿಡುವುದು ಆ ತುದಿಯಿಂದ ಈ ತುದಿಗೆ ಹೋಗುವ ಉದ್ದ ಕಲ್ಲು. ನಾವು ಥ್ರೂ ಕಲ್ಲು ಅನ್ನುತ್ತೇವೆ. ಕೆಲಸ ಬಲ್ಲ ಗೌಂಡಿ ಸಾಲುಸಾಲಿಗೆ ಅದನ್ನು ಇಟ್ಟಿರುತ್ತಾನೆ. ಅವಸರದವನು ಅಥವಾ ದುಡ್ಡು ಉಳಿಸಲು ಹೇಳಿಸಿಕೊಂಡವನು ಇಡುವುದಿಲ್ಲ. ಅಂಥ ಗೋಡೆ ಅಲುಗಾಡಿದರೆ ಒಂದು ಮೈ ಹೊರಕ್ಕೆ, ಒಂದು ಮೈ ಒಳಕ್ಕೆ ಬೀಳುತ್ತದೆ.

ನಿಮ್ಮ ಬಿರುಕು ಎಲ್ಲಿದೆ ನೋಡಿ. ಗೋಡೆಯ ಮುಖದ ಮೇಲೆ ಇದ್ದರೆ ಒಂದು ಮಾತು. ಬಾಗಿಲಿನ ಕಂಡಿಯಲ್ಲಿ ನಿಂತು ಗೋಡೆಯ ದಪ್ಪವನ್ನು ನೋಡಿದಾಗ ನಡುಮಧ್ಯೆ ಬಿರುಕು ಕಂಡರೆ, ಎರಡು ಮೈ ಬಿಡುತ್ತಿವೆ ಅಂತ ತಿಳಿಯಿರಿ. ಅದು ಕಾಯುವ ಕೆಲಸ ಅಲ್ಲ.

ಸಿವಿಲ್_ಧಾರವಾಡ

ಗೌಂಡಿ ಅಣ್ಣ ಹೇಳಿದ್ದು ಪೂರ್ತಿ ಸರಿ. ಕಿಲ್ಲಾರಿ ಆಗಿನ ಭೂಕಂಪದ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯ 1ರಲ್ಲಿತ್ತು. ಅದಕ್ಕೇ ಯಾರೂ ತಯಾರಿರಲಿಲ್ಲ. ಇಂಥ ಕಟ್ಟಡಗಳಿಗೆ ಐಎಸ್ 13828 ಅನ್ನುವ ನಿಯಮ ಇದೆ. ಅದರ ಪ್ರಕಾರ ಎರಡು ಅಡಿ ಎತ್ತರಕ್ಕೊಂದು ಸಾಲು, ಆ ಸಾಲಿನಲ್ಲಿ ನಾಲ್ಕು ಅಡಿಗೊಂದು ಥ್ರೂ ಕಲ್ಲು ಬೇಕು. ಹಳೆ ಗೋಡೆಯಲ್ಲಿ ಇಲ್ಲದಿದ್ದರೆ ಈಗಲೂ ಹಾಕಬಹುದು. ಕೈಯಿಂದ ಜೋಪಾನವಾಗಿ ಒಂದೊಂದೇ ಕಲ್ಲು ಬಿಡಿಸಿ ಆರಪಾರ ತೂತು ಮಾಡಿ, ಕೊಕ್ಕೆ ಇರುವ ಕಬ್ಬಿಣದ ಸರಳು ಇಟ್ಟು ಕಾಂಕ್ರೀಟ್ ತುಂಬುವುದು. ಡ್ರಿಲ್ ಹಾಕಿ ಗದಗುಟ್ಟಿಸಬಾರದು.

ಇನ್ನೊಂದು, ಭಾರ. ಒಂದು ಅಡಿ ದಪ್ಪದ ಮಣ್ಣು ಅಂದರೆ ಒಂದು ಚದರ ಮೀಟರಿಗೆ ಸುಮಾರು 500 ಕೆಜಿ. ವರ್ಷ ವರ್ಷ ಮಳೆಗಾಲದ ಮುಂಚೆ ಸವಳು ಮಣ್ಣು ಹೊದಿಸುತ್ತಾ ಬಂದರೆ ಒಂದು ಅಡಿ ಇದ್ದದ್ದು ಎರಡು ಅಡಿ ಆಗಿರುತ್ತದೆ. ಹಳೆಯದನ್ನು ಕೆರೆದು ತೆಗೆಯುವವರು ಯಾರೂ ಇಲ್ಲ.

ಬೀದರ್_ಕೋಟೆ

ಅಂದರೆ ಮಾಳಿಗೆ ಇಳಿಸಿ ಆರ್‌ಸಿಸಿ ಹಾಕಿದ ಚಿಕ್ಕಪ್ಪ ಮಾಡಿದ್ದೇ ಸರಿ ಅಂತಾಯಿತು ಅಲ್ವಾ? ಐದು ಇಂಚು ಸ್ಲ್ಯಾಬ್ ಮಣ್ಣಿಗಿಂತ ಹಗುರ.

ಸಿವಿಲ್_ಧಾರವಾಡ

ಹಗುರ, ಒಪ್ಪುತ್ತೇನೆ. ಚದರ ಮೀಟರಿಗೆ ಮುನ್ನೂರು ಕೆಜಿ ಚಿಲ್ಲರೆ. ಆದರೆ ಅದು ಕೂತದ್ದು ಎಲ್ಲಿ ಅನ್ನುವುದು ಮುಖ್ಯ. ಹಳೆ ಮನೆಯಲ್ಲಿ ಮಾಳಿಗೆಯ ಹೆಚ್ಚಿನ ಭಾರ ಮರದ ಕಂಬಗಳಿಗೆ ಇಳಿಯುತ್ತಿತ್ತು. ಸ್ಲ್ಯಾಬ್ ಹಾಕಿಸುವಾಗ ಕಂಬ ತೆಗೆದು, ನಡುವಿನ ಗೋಡೆಯಲ್ಲಿ ಅರ್ಧ ಅಡಿ ಒಡೆದು, ಅದರೊಳಗೆ ಸ್ಲ್ಯಾಬ್ ತುದಿ ಕೂರಿಸಿರುತ್ತಾರೆ. ಆಗ ಪೂರ್ತಿ ಭಾರ ಗೋಡೆಯ ಒಂದೇ ಮೈ ಮೇಲೆ ಬೀಳುತ್ತದೆ. ಮೇಲಾಗಿ ನಮ್ಮ ಕಡೆಯ ಬಿಸಿಲಿಗೆ ಸ್ಲ್ಯಾಬ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ದಿನಾ ಗೋಡೆಯನ್ನು ತಳ್ಳುತ್ತದೆ. ಮಲಪ್ರಭಾ ಅವರ ಬಿರುಕಿಗೆ ಇದೇ ಕಾರಣ ಅನ್ನುವುದು ನನ್ನ ಅಂದಾಜು. ನೋಡದೆ ಖಚಿತವಾಗಿ ಹೇಳಬಾರದು.

ಟೀಚರಮ್ಮ_ಗದಗ

ಗಂಡಸರೆಲ್ಲಾ ಕಲ್ಲು, ಜಂತಿ, ತೊಲೆ ಅಂತಲೇ ಮಾತಾಡುತ್ತಿದ್ದೀರಿ. ವಾಡೆಯಲ್ಲಿ ಸೊಸೆಯಾಗಿ ಇದ್ದವಳು ನಾನು, ನನ್ನದೂ ಸ್ವಲ್ಪ ಕೇಳಿ.

ಬೇಸಿಗೆಯಲ್ಲಿ ಆ ಪಡಸಾಲೆಯಲ್ಲಿ ಕೂತರೆ ಫ್ಯಾನ್ ಬೇಡ, ನಿಜ. ಆದರೆ ಅಡುಗೆ ಮನೆಗೆ ಬೆಳಕು ಬರುತ್ತಿದ್ದದ್ದು ಮಾಳಿಗೆಯ ಒಂದು ಬೆಳಕಿಂಡಿಯಿಂದ. ಮಳೆ ಬಂದರೆ ಯಾರೋ ಮೇಲೆ ಓಡಿ ಅದರ ಮೇಲೆ ಫರ್ಸಿ ಕಲ್ಲು ಮುಚ್ಚಬೇಕು. ಮುಚ್ಚಿದರೆ ಕತ್ತಲೆ, ಹೊಗೆ. ಶೌಚಕ್ಕೆ ಹಿತ್ತಲು ದಾಟಿ ಹೋಗಬೇಕು. ರಾತ್ರಿ ಹೊತ್ತು ಎಷ್ಟು ಕಷ್ಟ ಅಂತ ಹೆಣ್ಣುಮಕ್ಕಳನ್ನು ಕೇಳಿ. ನಾಲ್ಕು ಒಲೆ ಆದ ಮೇಲೆ ನಾಲ್ಕು ಬಚ್ಚಲು ಬೇಕೇ ಬೇಕು. ಅದನ್ನು ಕೊಡದೆ ವಾಡೆ ಉಳಿಸಿ ಅಂದರೆ ಯಾವ ಸೊಸೆಯೂ ಒಪ್ಪುವುದಿಲ್ಲ. ನಿಮ್ಮ ತಮ್ಮಂದಿರು ಕೆಡವೋಣ ಅನ್ನುವುದರ ಹಿಂದೆ ಅವರ ಮನೆಯವರ ಈ ಕಷ್ಟ ಇರಬಹುದು, ಕೇಳಿ ನೋಡಿ.

ಪಾಲು ನಾಲ್ಕು ಅಂದಿರಿ. ಅತ್ತೆಯಂದಿರು ಇಲ್ಲವಾ?

ಮಲಪ್ರಭಾ_ದಂಡೆ

ಇಬ್ಬರು ಅತ್ತೆಯಂದಿರು ಇದ್ದಾರೆ ಅಕ್ಕಾರ. ಅಜ್ಜನ ಕಾಲದ ಪಾಲಿನಲ್ಲಿ ಅವರ ಹೆಸರು ಬಂದಿಲ್ಲ.

ವಕೀಲ_ಬಾಗಲಕೋಟೆ

ಹಾಗಾದರೆ ಗಾರೆ ಕಲಸುವ ಮುಂಚೆ ಕಾಗದ ಸರಿ ಮಾಡಿ.

ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟದ್ದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ. ತಂದೆ 2005ಕ್ಕೆ ಮುಂಚೆ ತೀರಿಕೊಂಡಿದ್ದರೂ ಮಗಳಿಗೆ ಆ ಹಕ್ಕು ಇದೆ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಾಟ್ನಿ (ಪಾಲು) ಪತ್ರವೋ ಕೋರ್ಟಿನ ಡಿಕ್ರಿಯೋ ಇದ್ದರೆ ಅದನ್ನು ಕಾನೂನು ಮುಟ್ಟುವುದಿಲ್ಲ. ಬರೀ ಬಾಯಿಮಾತಿನ ಪಾಲು ಅಂದರೆ ಕೋರ್ಟು ಅಷ್ಟು ಸುಲಭಕ್ಕೆ ನಂಬುವುದಿಲ್ಲ, ಸರ್ಕಾರಿ ದಾಖಲೆಯ ಗಟ್ಟಿ ಸಾಕ್ಷಿ ಬೇಕು. ನಮ್ಮ ರಾಜ್ಯದಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ 1994ರಿಂದಲೇ ಈ ಹಕ್ಕು ಇತ್ತು ಅನ್ನುವುದೂ ನೆನಪಿರಲಿ. ಅತ್ತೆಯಂದಿರನ್ನು ಕೂರಿಸಿಕೊಂಡು ಮಾತಾಡಿ. ಅವರು ಬಿಟ್ಟುಕೊಡುವುದಾದರೂ ಅದು ನೋಂದಣಿ ಪತ್ರದಲ್ಲೇ ಆಗಬೇಕು.

ಎರಡನೆಯದು, ಒಬ್ಬರು ತಮ್ಮ ಪಾಲನ್ನು ಹೊರಗಿನವರಿಗೆ ಮಾರಿದರೆ ಏನು ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಕೂಡು ಕುಟುಂಬದ ವಾಸದ ಮನೆಯಲ್ಲಿ ಹೊರಗಿನವನು ಪಾಲು ಕೊಂಡರೂ ಒಳಗೆ ಬಂದು ಜೊತೆಗೆ ವಾಸ ಮಾಡುವ ಹಕ್ಕು ಅವನಿಗೆ ಇರುವುದಿಲ್ಲ. ಅವನು ಪಾಲು ಬೇಡಿ ದಾವೆ ಹಾಕಿದರೆ, 1893ರ ಪಾರ್ಟಿಷನ್ ಕಾಯ್ದೆಯ 4ನೇ ಕಲಂ ಪ್ರಕಾರ ಮನೆಯವರೇ ಕೋರ್ಟು ಕಟ್ಟಿದ ಬೆಲೆ ಕೊಟ್ಟು ಅದನ್ನು ತಗೊಳ್ಳಬಹುದು. ಆದರೆ ನೀವು ನಾಲ್ಕು ಬೇರೆ ಬೇರೆ ಉತಾರ (ಆಸ್ತಿ ದಾಖಲೆ) ಮಾಡಿಸಿಕೊಂಡು, ಗಡಿ ಗುರುತು ಹಾಕಿ ಪೂರ್ತಿ ಬೇರೆಯಾದ ಮೇಲೆ ಈ ರಕ್ಷಣೆ ಕೇಳಲು ಬರುವುದಿಲ್ಲ. ಅದಕ್ಕೇ ವಾಟ್ನಿ ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿ: ದಿಡ್ಡಿ ಬಾಗಿಲು, ಅಂಗಳ, ಬಾವಿ, ಮಾಳಿಗೆ ಹತ್ತುವ ಮೆಟ್ಟಿಲು, ಹೊರಗೋಡೆ ಇವು ಎಲ್ಲರಿಗೂ ಸೇರಿದ್ದು.

ಐಹೊಳೆ_ಗೈಡ್

ಹತ್ತಿರದಲ್ಲಿ ರಕ್ಷಿತ ಸ್ಮಾರಕ ಏನಾದರೂ ಇದೆಯಾ ನೋಡಿಕೊಳ್ಳಿ. ಕೇಂದ್ರ ಸರ್ಕಾರದ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. 2010ರಲ್ಲಿ ಕಾಯ್ದೆ ಬಿಗಿಯಾಯಿತು. ಬಾದಾಮಿ, ಐಹೊಳೆ ಕಡೆ ಎಷ್ಟೋ ಜನ ಹಳೆ ಮನೆ ಕೆಡವಿದ ಮೇಲೆ ಹೊಸದು ಕಟ್ಟಲಾಗದೆ ಒದ್ದಾಡುತ್ತಿದ್ದಾರೆ. ರಿಪೇರಿಗೂ ಅನುಮತಿ ಬೇಕು, ಆದರೆ ಅದಕ್ಕೆ ದಾರಿ ಇದೆ. ಕೆಡವಿದರೆ ಜಾಗ ಖಾಲಿ ಉಳಿಯುತ್ತದೆ.

ಐಹೊಳೆಯಲ್ಲಿ ಗುಡಿಗಳಲ್ಲೇ ಜನ ಸಂಸಾರ ಮಾಡಿಕೊಂಡಿದ್ದರು. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಅದರೊಳಗೆ ವಾಸವಿದ್ದ ಒಬ್ಬರಿಂದ. ಕಲ್ಲಿನ ಕಟ್ಟಡ ಎಷ್ಟು ತರಹದ ಬದುಕಿಗೆ ಒಗ್ಗುತ್ತದೆ ನೋಡಿ.

ಇಳಕಲ್_ಹುಡುಗ

ಲಾಡಖಾನ್ ಗುಡಿಯ ಚಾವಣಿ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿ ಇವೆ ಅಲ್ವಾ, ಎರಡು ಚಪ್ಪಡಿ ಸೇರುವ ಸಂದಿಯ ಮೇಲೆ? ಮರದ ಮನೆಯ ರೀತಿಯನ್ನೇ ಕಲ್ಲಿಗೆ ತಂದಿದ್ದಾರೆ ಅನ್ನಿಸುತ್ತದೆ.

ಐಹೊಳೆ_ಗೈಡ್

ಹೌದು, ಸಂದಿಯಲ್ಲಿ ನೀರು ಇಳಿಯದಿರಲಿ ಅಂತ ಅದು. ನೋಡುವವರು ಕಂಬದ ಶಿಲ್ಪ ಮಾತ್ರ ನೋಡಿ ಹೋಗುತ್ತಾರೆ. ಚಾವಣಿಯನ್ನೂ ನೋಡಬೇಕು.

ಕಲಬುರಗಿ_ಫರ್ಸಿ

ಮಧ್ಯೆ ಒಂದು ಮಾತು. ಸಿಮೆಂಟ್ ಗಿಲಾವಿನಿಂದ ಕಲ್ಲು ಉದುರುತ್ತದೆ ಅಂದರೆ ನಂಬುವುದು ಕಷ್ಟ. ನಮ್ಮ ಮನೆಯದು ಶಹಾಬಾದ್ ಕಲ್ಲು, ಸಿಮೆಂಟ್ ಹಾಕಿ ಬಹಳ ವರ್ಷ ಆಯಿತು, ಏನೂ ಆಗಿಲ್ಲ.

ಗೌಂಡಿ_ಮನೆತನ

ಅದು ಬೇರೆ ಕಲ್ಲು, ಇದು ಬೇರೆ ಕಲ್ಲು ಅಣ್ಣಾರ. ಶಹಾಬಾದ್ ಸುಣ್ಣದಕಲ್ಲು, ಒತ್ತಾಗಿದೆ, ನೀರು ಕುಡಿಯುವುದು ಕಡಿಮೆ. ಬಾದಾಮಿಯದು ಮರಳುಗಲ್ಲು, ಕಣ ಕಣದ ನಡುವೆ ಸಂದು ಇರುತ್ತದೆ. ಒಂದು ತಂಬಿಗೆ ನೀರು ಸುರಿದು ನೋಡಿ, ಎಷ್ಟು ಬೇಗ ಒಳಗೆ ಹೋಗುತ್ತದೆ ಅಂತ.

ಹಾಗಂತ ಕಲ್ಲು ಮೆತ್ತಗಿಲ್ಲ. ಬಾದಾಮಿಯ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ, ಅಕ್ಷರ ಇನ್ನೂ ಓದಬಹುದು. ನೆಲದ ತೇವ ಗೋಡೆಯ ಮೂಲಕ ಮೇಲೇರುವುದು ಎಲ್ಲಾ ಕಲ್ಲುಮನೆಯಲ್ಲೂ ಇದ್ದದ್ದೇ. ಮಣ್ಣು ಅಥವಾ ಸುಣ್ಣದ ಗಿಲಾವು ಇದ್ದರೆ ಆ ತೇವ ಒಳಗಿಂದಲೂ ಹೊರಗಿಂದಲೂ ಆರಿ ಹೋಗುತ್ತದೆ. ಒಳಗೆ ಸಿಮೆಂಟ್ ಬಳಿದರೆ ಒಂದು ದಾರಿ ಮುಚ್ಚಿತು. ತೇವ ಪೂರ್ತಿ ಹೊರಮೈಗೆ ಬರುತ್ತದೆ, ಜೊತೆಗೆ ನೆಲದ ಉಪ್ಪನ್ನೂ ತರುತ್ತದೆ. ನೀರು ಆರುತ್ತದೆ, ಉಪ್ಪು ಕಲ್ಲಿನ ಸಂದಿಯಲ್ಲಿ ಹರಳುಗಟ್ಟಿ ಪದರ ಎಬ್ಬಿಸುತ್ತದೆ. ಮೊಣಕಾಲೆತ್ತರಕ್ಕೆ ಅಂದಿರಲ್ಲ, ಅಲ್ಲಿಗೇ ಗೊತ್ತಾಯಿತು. ಬಿಳಿ ಪುಡಿಯೂ ಕಾಣುತ್ತಿರಬೇಕು. ನಾಲಿಗೆಗೆ ಮುಟ್ಟಿಸಿದರೆ ಉಪ್ಪು.

ಮಲಪ್ರಭಾ_ದಂಡೆ

ಬಿಳಿ ಪುಡಿ ಇದೆ! ಸುಣ್ಣ ಅಂದುಕೊಂಡಿದ್ದೆವು. ಪರಿಹಾರ ಏನು?

ಗೌಂಡಿ_ಮನೆತನ

ಒಳಗಿನ ಸಿಮೆಂಟ್ ಗಿಲಾವನ್ನು ನೆಲದಿಂದ ನಾಲ್ಕಡಿವರೆಗಾದರೂ ತೆಗೆಸಿ. ಸಣ್ಣ ಉಳಿ, ಸಣ್ಣ ಸುತ್ತಿಗೆ, ನಿಧಾನ. ಒಂದು ಬೇಸಿಗೆ ಗೋಡೆ ಬೆತ್ತಲೆ ಇರಲಿ, ಆರಲಿ. ಹೊರಗೆ ಬಂದ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಆಮೇಲೆ ಸುಣ್ಣದ ಗಾರೆ. ಸುಣ್ಣ ಚೆನ್ನಾಗಿ ಅರಳಿರಬೇಕು, ಎಷ್ಟು ದಿನ ಕೊಳೆತರೆ ಅಷ್ಟು ಒಳ್ಳೆಯದು. ಹಿಂದಿನವರು ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕಿ ಗಾಣದಲ್ಲಿ ಅರೆಯುತ್ತಿದ್ದರು. ನಮ್ಮಲ್ಲಿ ಈಗಲೂ ಬಲ್ಲವರು ಇದ್ದಾರೆ, ಕಡಿಮೆ ಆಗಿದ್ದಾರೆ ಅಷ್ಟೇ.

ಹೊರಗೆ ಗೋಡೆಬುಡದಲ್ಲಿ ಬಚ್ಚಲ ನೀರು ನಿಲ್ಲುತ್ತಿದ್ದರೆ ಮೊದಲು ಅದನ್ನು ತಪ್ಪಿಸಿ. ಅದನ್ನು ತಪ್ಪಿಸದೆ ಏನು ಮಾಡಿದರೂ ವ್ಯರ್ಥ.

ಗ್ಲಾಸ್ಟರ್_ಕನ್ನಡಿಗ

ನಾನು ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್‌ನಲ್ಲಿದ್ದೇನೆ, ಊರು ಗುಳೇದಗುಡ್ಡ. ಇಲ್ಲಿ ಬೈಬುರಿ ಅಂತ ಒಂದು ಹಳ್ಳಿ ಇದೆ, ಅಲ್ಲಿ ಆರ್ಲಿಂಗ್ಟನ್ ರೋ ಅನ್ನುವ ಕಲ್ಲಿನ ಮನೆಗಳ ಸಾಲು. ಅದು ಮೊದಲು ಮನೆಯೇ ಅಲ್ಲ. 1380ರ ಸುಮಾರಿಗೆ ಮಠದವರು ಉಣ್ಣೆ ಇಡಲು ಕಟ್ಟಿಸಿದ ಉಗ್ರಾಣ. 17ನೇ ಶತಮಾನದಲ್ಲಿ ಅದನ್ನು ಅಡ್ಡಗೋಡೆ ಹಾಕಿ ನೇಕಾರರಿಗೆ ಸಣ್ಣ ಸಣ್ಣ ಮನೆ ಮಾಡಿದರು. ನೇಯ್ದ ಬಟ್ಟೆಯನ್ನು ಪಕ್ಕದ ಗಿರಣಿಯಲ್ಲಿ ಹದ ಮಾಡಿ, ಎದುರಿನ ಜೌಗು ಜಾಗದಲ್ಲಿ ಕಟ್ಟಿಗೆಯ ಚೌಕಟ್ಟಿಗೆ ಕಟ್ಟಿ ಒಣಗಿಸುತ್ತಿದ್ದರು.

ನನ್ನ ಅಜ್ಜನ ಮನೆಯಲ್ಲಿ ಕುಣಿಮಗ್ಗ ಇತ್ತು, ಖಣ (ರವಿಕೆ ಬಟ್ಟೆ) ನೇಯುತ್ತಿದ್ದರು. ಕಿಟಕಿ ಬೆಳಕು ಮಗ್ಗಕ್ಕೆ ಬೀಳುವ ಅಂಕಣವನ್ನು ಯಾರೂ ಪಾಲಿನಲ್ಲಿ ಬಿಟ್ಟುಕೊಡಲಿಲ್ಲ, ಅದಕ್ಕೇ ಜಗಳ ಆಗಿತ್ತು. ಆ ಸಾಲಿನ ಮುಂದೆ ನಿಂತಾಗ ಅದೇ ನೆನಪಾಯಿತು.

ಅಲ್ಲಿ ಗಮನಿಸಬೇಕಾದದ್ದು ಚಾವಣಿ. ಹಂಚಿನ ಬದಲು ಸುಣ್ಣದಕಲ್ಲಿನ ತೆಳು ಚಪ್ಪಡಿ. ಕೆಳ ಅಂಚಿನಲ್ಲಿ ದೊಡ್ಡವು, ಮೇಲೇರಿದ ಹಾಗೆ ಚಿಕ್ಕವು, ನೆತ್ತಿಯಲ್ಲಿ ಅಂಗೈಯಷ್ಟೇ. ಭಾರ ಗೋಡೆಯ ಹತ್ತಿರ ಜಾಸ್ತಿ, ನಡುವೆ ಕಡಿಮೆ. ಒಳಗೆ ಮನೆ ಎಷ್ಟೇ ಆಗಿರಲಿ, ಚಾವಣಿಯನ್ನು ತುಂಡು ಮಾಡಿಲ್ಲ. ಹೊರಗಿಂದ ನೋಡಿದರೆ ಇವತ್ತಿಗೂ ಒಂದೇ ಕಟ್ಟಡ.

ಬೀದರ್_ಕೋಟೆ

ಅದಕ್ಕೆ ಸರ್ಕಾರದ ದುಡ್ಡು ಇರುತ್ತದೆ. ಇಲ್ಲಿ ಸವಳು ಮಣ್ಣು ಹೊರುವ ಆಳು ಸಿಗುವುದಿಲ್ಲ. ಹೋಲಿಕೆ ಸರಿಯಲ್ಲ.

ಗ್ಲಾಸ್ಟರ್_ಕನ್ನಡಿಗ

ಸರ್ಕಾರದ್ದಲ್ಲ ಸರ್, ನ್ಯಾಷನಲ್ ಟ್ರಸ್ಟ್ ಅನ್ನುವ ಧರ್ಮದತ್ತಿ ಸಂಸ್ಥೆಯದು, 1949ರಿಂದ. ಆದರೆ ನಿಮ್ಮ ಮಾತಿನಲ್ಲಿ ಒಂದು ಸತ್ಯ ಇದೆ. ಅಲ್ಲಿ ಮಾಲೀಕರು ಒಬ್ಬರೇ, ಇರುವವರು ಬಾಡಿಗೆಯವರು. ಚಾವಣಿ ರಿಪೇರಿಗೆ ಯಾರನ್ನೂ ಒಪ್ಪಿಸಬೇಕಿಲ್ಲ. ನಮ್ಮ ವಾಡೆಗಳಲ್ಲಿ ನಾಲ್ಕು ಜನ ಒಪ್ಪಬೇಕು.

ಬೇರೆ ಬೇರೆ ಮಾಲೀಕರು ಇರುವ ಕಡೆಗೆ ಇಲ್ಲಿ 1996ರ ಪಾರ್ಟಿ ವಾಲ್ ಕಾಯ್ದೆ ಇದೆ. ಇಬ್ಬರಿಗೂ ಸೇರಿದ ಗೋಡೆ ಒಡೆಯುವುದಿದ್ದರೆ, ಅದಕ್ಕೆ ತೊಲೆ ಕೂರಿಸುವುದಿದ್ದರೆ, ಎರಡು ತಿಂಗಳ ಮೊದಲೇ ಪಕ್ಕದವರಿಗೆ ಬರೆದು ತಿಳಿಸಬೇಕು. ಅವರು ಒಪ್ಪದಿದ್ದರೆ ಸರ್ವೇಯರ್ ಬಂದು ತೀರ್ಮಾನಿಸುತ್ತಾರೆ. ಚಿಕ್ಕಪ್ಪನವರ ಸ್ಲ್ಯಾಬ್ ಕೆಲಸಕ್ಕೆ ಇಂಥ ನಿಯಮ ಇದ್ದಿದ್ದರೆ ಬಿರುಕು ತಪ್ಪುತ್ತಿತ್ತು.

ವಕೀಲ_ಬಾಗಲಕೋಟೆ

ಒಳ್ಳೆಯ ವಿಷಯ. ಇಲ್ಲಿ ಅಂಥ ಬೇರೆ ಕಾಯ್ದೆ ಇಲ್ಲ, ಆದರೆ ವಾಟ್ನಿ ಪತ್ರದಲ್ಲಿ ಅದೇ ಷರತ್ತು ಬರೆಸಲು ಯಾರ ಅಡ್ಡಿಯೂ ಇಲ್ಲ. "ಸಾಮಾಯಿಕ (ಎಲ್ಲರಿಗೂ ಸೇರಿದ) ಗೋಡೆ, ಕಂಬ, ತೊಲೆ ಮುಟ್ಟುವ ಮುಂಚೆ ಉಳಿದವರ ಲಿಖಿತ ಒಪ್ಪಿಗೆ ಬೇಕು" ಅಂತ ಒಂದು ಸಾಲು ಸಾಕು.

ಮಂಡ್ಯ_ತೊಟ್ಟಿ

ನಮ್ಮ ಕಡೆ ತೊಟ್ಟಿ ಮನೆಗಳಲ್ಲೂ ಇದೇ ಗೋಳು. ಅಣ್ಣತಮ್ಮಂದಿರು ತೊಟ್ಟಿಯ ನಡುವೆ ಗೋಡೆ ಎಬ್ಬಿಸಿದರು. ಅರ್ಧ ತೊಟ್ಟಿಗೆ ಮಳೆನೀರು ಹೋಗುವ ತೂಬು ಇದೆ, ಇನ್ನರ್ಧಕ್ಕೆ ಇಲ್ಲ. ಮಳೆಗಾಲದಲ್ಲಿ ಅಲ್ಲಿ ಮೊಣಕಾಲುದ್ದ ನೀರು. ಅಂಗಳ ಪಾಲು ಮಾಡುವ ಮುಂಚೆ ನೀರು ಎಲ್ಲಿ ಹರಿಯುತ್ತದೆ ನೋಡಿ ಸ್ವಾಮಿ.

ಟೀಚರಮ್ಮ_ಗದಗ

ಅಂಗಳ ಪಾಲಾದರೆ ಬೆಳಕೂ ಹೋಯಿತು, ಗಾಳಿಯೂ ಹೋಯಿತು. ವಾಡೆಯ ಹೊರಗೋಡೆಗೆ ಕಿಟಕಿ ಇರುವುದೇ ಕಡಿಮೆ, ಎಲ್ಲಾ ಕೋಣೆಯೂ ಅಂಗಳಕ್ಕೇ ಬಾಯಿ ತೆರೆದಿರುತ್ತದೆ. ಪಡಸಾಲೆ ಮುಚ್ಚಿದ ಮನೆಯವರು ಹಗಲಲ್ಲೂ ದೀಪ ಹಾಕಿಕೊಂಡಿರುತ್ತಾರೆ.

ಇಳಕಲ್_ಹುಡುಗ

ಪಡಸಾಲೆ ಅಂದಾಗ ನೆನಪಾಯಿತು. ನಮ್ಮ ಪಡಸಾಲೆ ಕೆಳಗೆ ಹಗೇವು ಇದೆ. ಅಜ್ಜಿ ಹೇಳುತ್ತಿದ್ದರು, ಜೋಳ ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತಿದರೆ ಎರಡು ಮೂರು ವರ್ಷ ಕೆಡುತ್ತಿರಲಿಲ್ಲವಂತೆ. ಆ ಜೋಳದ ರೊಟ್ಟಿಗೆ ಬೇರೆಯೇ ವಾಸನೆ. ನಿಮ್ಮಲ್ಲೂ ಇದೆಯಾ ಅಣ್ಣಾ?

ಮಲಪ್ರಭಾ_ದಂಡೆ

ಇದೆ. ದೊಡ್ಡಪ್ಪನ ಪಾಲಿನ ಪಡಸಾಲೆಯಲ್ಲಿ ಒಂದು, ಅಂಗಳದಲ್ಲಿ ಒಂದು. ದೊಡ್ಡಪ್ಪನ ಮಕ್ಕಳು ಬ್ಲಾಕ್ ಗೋಡೆ ಎಬ್ಬಿಸಿದ್ದು ಹೆಚ್ಚುಕಡಿಮೆ ಅದರ ಮೇಲೇ.

ಸಿವಿಲ್_ಧಾರವಾಡ

ಹಗೇವಿನ ಮೇಲೆ ಗೋಡೆನಾ? ಅದು ಮೊದಲು ನೋಡಬೇಕಾದ ವಿಷಯ. ಬಾಯಿ ಚಿಕ್ಕದಿರುತ್ತದೆ, ಕೆಳಗೆ ಹೊಟ್ಟೆ ಅಗಲ. ಮೇಲೆ ಗಟ್ಟಿ ನೆಲ ಕಂಡರೂ ಕೆಳಗೆ ಟೊಳ್ಳು. ಸಿಮೆಂಟ್ ಬ್ಲಾಕಿನ ಗೋಡೆ ಅದರ ಮೇಲೆ ಇದ್ದರೆ ಒಂದು ದೊಡ್ಡ ಮಳೆಗೆ ಕುಸಿಯಬಹುದು. 2009ರ ಮಳೆಯಲ್ಲಿ ನಮ್ಮ ಭಾಗದಲ್ಲಿ ಎಷ್ಟು ಮನೆ ಬಿದ್ದವು ನೆನಪಿದೆಯಲ್ಲ.

ಬಳಸುವುದಿಲ್ಲ ಅಂದರೆ ಮರಂ (ಗರಸು ಮಣ್ಣು) ತುಂಬಿ, ಪದರ ಪದರಕ್ಕೆ ನೀರು ಹಾಕಿ ಗುದ್ದಿ ಮುಚ್ಚಿಸಿ.

ಗೌಂಡಿ_ಮನೆತನ

ತುಂಬುವ ಮುಂಚೆ ಯಾರನ್ನೂ ಸುಮ್ನೆ ಕೆಳಗೆ ಇಳಿಸಬೇಡಿ. ವರ್ಷಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಇಳಿದವರು ಅಲ್ಲೇ ಸತ್ತಿದ್ದಾರೆ, ಎತ್ತಲು ಹೋದವರೂ ಸತ್ತಿದ್ದಾರೆ. ಬಾಯಿ ತೆರೆದು ಬಿಡಿ, ಗಾಳಿ ಆಡಲಿ. ಹಿಂದೆ ಹಗ್ಗ ಕಟ್ಟಿ ಕಂದೀಲು ಇಳಿಬಿಟ್ಟು ನೋಡುತ್ತಿದ್ದರು, ದೀಪ ಆರಿದರೆ ಇಳಿಯುತ್ತಿರಲಿಲ್ಲ. ಈಗ ಅಷ್ಟನ್ನೇ ನಂಬಬೇಡಿ, ಮೇಲಿನಿಂದಲೇ ಮಣ್ಣು ಸುರಿದು ತುಂಬಿಸಿ.

ಹುಬ್ಬಳ್ಳಿ_ಪ್ರವಾಸಿ

ಹೋಂಸ್ಟೇ ಮಾಡಿ ಬಿಡಿ. ಬಾದಾಮಿಗೆ ಬರುವವರು ಇಂಥ ಮನೆ ಹುಡುಕುತ್ತಾರೆ. ಒಂದು ಪಾಲಿನ ದುಡಿಮೆಯಲ್ಲಿ ನಾಲ್ಕು ಪಾಲಿನ ಮಾಳಿಗೆ ರಿಪೇರಿ ಆಗುತ್ತದೆ.

ಟೀಚರಮ್ಮ_ಗದ‌ಗ

ಮೂರು ಸಂಸಾರ ಇರುವ ಅಂಗಳದಲ್ಲಿ ದಿನಾ ಹೊರಗಿನವರು ಓಡಾಡಿದರೆ ಹೆಣ್ಣುಮಕ್ಕಳು ಎಲ್ಲಿ ಕೂರಬೇಕು? ಮನೆಯವರನ್ನು ಕೇಳದೆ ಇದನ್ನು ತೀರ್ಮಾನಿಸಬೇಡಿ.

ಮಲಪ್ರಭಾ_ದಂಡೆ

ಹೋಂಸ್ಟೇ ಸದ್ಯಕ್ಕೆ ಬೇಡ. ನಾಲ್ಕೂ ಮನೆಯವರನ್ನೂ ಅತ್ತೆಯಂದಿರನ್ನೂ ಕೂರಿಸಿ ಮಾತಾಡಿದೆವು. ಟೀಚರಮ್ಮ ಹೇಳಿದ್ದೇ ನಿಜವಾಯಿತು. ತಮ್ಮಂದಿರ ಹೆಂಡತಿಯರ ದೊಡ್ಡ ತಕರಾರು ಬಚ್ಚಲಿನದು. ಹಿತ್ತಲ ಗೋಡೆಗೆ ತಾಗದಂತೆ ಮೂರಡಿ ಬಿಟ್ಟು ಸಾಲಾಗಿ ನಾಲ್ಕು ಬಚ್ಚಲು, ನಾಲ್ಕು ಶೌಚಾಲಯ ಹೊಸದಾಗಿ ಕಟ್ಟೋಣ, ಅಲ್ಲಿಗೆ ಹೋಗಲು ಮೇಲೆ ತಗಡು ಹಾಕಿದ ದಾರಿ ಮಾಡೋಣ ಅಂದ ತಕ್ಷಣ ಕೆಡವುವ ಮಾತು ಅರ್ಧ ನಿಂತಿತು. ಅಂಗಳ ಸಾಮಾಯಿಕ ಅಂತ ಎಲ್ಲರೂ ಒಪ್ಪಿದ್ದಾರೆ. ದೊಡ್ಡಪ್ಪನ ಮಕ್ಕಳು ಪಡಸಾಲೆಯ ಬ್ಲಾಕ್ ಗೋಡೆ ತೆಗೆದು ಕಟ್ಟಿಗೆಯ ಜಾಲರಿ ಹಾಕಿಸಲು ಒಪ್ಪಿದರು, ಹಗೇವಿನ ವಿಷಯ ಕೇಳಿ ಗಾಬರಿಯಾದರು. ಅತ್ತೆಯಂದಿರು ಪಾಲು ಕೇಳಲಿಲ್ಲ, ಆದರೆ ಬಂದಾಗ ಇಳಿಯಲು ಒಂದು ಅಂಕಣ ತಮ್ಮ ಹೆಸರಿಗೆ ಇರಲಿ ಅಂದರು. ಅದು ಪತ್ರದಲ್ಲಿ ಬರುತ್ತದೆ.

ಆರ್‌ಸಿಸಿ ಚಿಕ್ಕಪ್ಪ ಇನ್ನೂ ಒಪ್ಪಿಲ್ಲ. ಸ್ಲ್ಯಾಬ್ ತೆಗೆಸುವುದಿಲ್ಲ ಅನ್ನುತ್ತಾರೆ.

ಸಿವಿಲ್_ಧಾರವಾಡ

ತೆಗೆಸಲೇಬೇಕು ಅಂತಿಲ್ಲ. ನಡುಗೋಡೆಯ ಪಕ್ಕದಲ್ಲೇ, ಅವರ ಕಡೆ, ಕಂಬ ಮತ್ತು ಬೀಮ್ ಕೊಟ್ಟು ಸ್ಲ್ಯಾಬಿನ ಭಾರವನ್ನು ಅದಕ್ಕೆ ಇಳಿಸಬಹುದು. ಕಂಬಕ್ಕೆ ಬೇರೆ ಪಾಯ ಬೇಕು, ಗೋಡೆಯ ಪಾಯ ಕೆದರದ ಹಾಗೆ ತೋಡಬೇಕು. ಗೋಡೆ ಮೇಲಿನ ಭಾರ ಇಳಿದ ಮೇಲೆ ಥ್ರೂ ಸರಳು ಹಾಕಿ ಬಿರುಕಿಗೆ ಸುಣ್ಣದ ಹಾಲು ತುಂಬಿಸಿ. ಅಲ್ಲಿವರೆಗೆ ಬಿರುಕಿನ ಅಡ್ಡಕ್ಕೆ ಒಂದು ಗಾಜಿನ ಪಟ್ಟಿ ಅಂಟಿಸಿ, ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಅಂತ. ಚಿಕ್ಕಪ್ಪನಿಗೂ ಅದನ್ನು ತೋರಿಸಿ.

ಬೀದರ್_ಕೋಟೆ

ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಉಳಿಸುವುದೇ ಆದರೆ ಮಾಳಿಗೆಯ ಹಳೆ ಮಣ್ಣು ಮೊದಲು ಇಳಿಸಿ. ನಾಲ್ಕೂ ಪಾಲಿನದು ಒಟ್ಟಿಗೆ. ಒಂದು ಕಡೆ ಇಳಿಸಿ ಇನ್ನೊಂದು ಕಡೆ ಬಿಟ್ಟರೆ ತೊಲೆ ಒಂದೇ ಕಡೆ ಎಳೆಯುತ್ತದೆ. ಮಕ್ಕಳು ಮಲಗುವ ಅಂಕಣದಿಂದ ಶುರು ಮಾಡಿ.

ಗೌಂಡಿ_ಮನೆತನ

ಬೀದರ್ ಅಣ್ಣಾರ ಮಾತು ನೂರಕ್ಕೆ ನೂರು. ಮಣ್ಣು ಇಳಿಸಿದಾಗ ಜಂತಿ ಒಂದೊಂದನ್ನೂ ಬಡಿದು ನೋಡಿ, ಒರಲೆ (ಗೆದ್ದಲು) ತಿಂದದ್ದರ ಸದ್ದೇ ಬೇರೆ. ಗೋಡೆಯೊಳಗೆ ಹೋದ ತುದಿ ಮೊದಲು ಹಾಳಾಗಿರುತ್ತದೆ, ಅಲ್ಲಿ ಮೊಳೆ ಚುಚ್ಚಿ ನೋಡಿ. ಎಲ್ಲಾ ಬದಲಿಸಬೇಕಿಲ್ಲ. ಹೊಸದಾಗಿ ಹೊದಿಸುವಾಗ ಅರ್ಧ ಅಡಿ ಮಣ್ಣು ಸಾಕು, ಇಳಿಜಾರು ಸರಿಯಾಗಿ ಮಳೆನೀರು ಹೊರಬೀಳುವ ದೋಣಿಯ ಕಡೆ ಇರಲಿ. ಮೃಗಶಿರ ಮಳೆ ಹಿಡಿಯುವ ಮುಂಚೆ ಮುಗಿಯಬೇಕು, ಅಂದರೆ ಯುಗಾದಿ ಆದ ಕೂಡಲೇ ಕೆಲಸ ಹಿಡಿಯಿರಿ.

ಮಲಪ್ರಭಾ_ದಂಡೆ

ಯುಗಾದಿಗೆ ಎಲ್ಲರೂ ಊರಿಗೆ ಬರುತ್ತಾರೆ. ಮಾಳಿಗೆಯ ಖರ್ಚು ಅಂಕಣದ ಲೆಕ್ಕದಲ್ಲಿ ಹಂಚಬೇಕಾ, ಸಮ ಹಂಚಬೇಕಾ? ಸ್ಲ್ಯಾಬ್ ಹಾಕಿದ ಚಿಕ್ಕಪ್ಪ ತಾನು ಕೊಡುವುದಿಲ್ಲ ಅನ್ನಬಹುದು.

ವಕೀಲ_ಬಾಗಲಕೋಟೆ

ಅಂಕಣದ ಲೆಕ್ಕದಲ್ಲಿ ಹಂಚಿ. ಚಿಕ್ಕಪ್ಪನ ಎರಡು ಅಂಕಣ ಬಿಟ್ಟು ಉಳಿದ ಎರಡಕ್ಕೆ ಅವರಿಂದ ತಗೊಳ್ಳಿ, ನಡುಗೋಡೆಯ ಖರ್ಚನ್ನು ಮಾತ್ರ ನೀವಿಬ್ಬರೂ ಅರ್ಧ ಅರ್ಧ ಹಾಕಿಕೊಳ್ಳಿ. ಕರಡು ವಾಟ್ನಿ ಪತ್ರ ತಯಾರಾದ ಮೇಲೆ ಹೆಸರು ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.